ಡಿಜಿಟಲ್ ವಿದ್ಯೆಯ ಹಣ ಊರಿನ ಕೈಗೆ ಬರಲಿ

(ಮುಂಡರಗಿಯಲ್ಲಿ ಕೂಡಿದ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತು)



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿಗಳಿಂದ ಒಂದು ದಿನದ ದುಡಿಮೆ ಬಿಟ್ಟು ಬಂದಿದ್ದೀರಿ. ಆದುದರಿಂದ ಪೀಠಿಕೆಯಿಲ್ಲದೆ ವಿಷಯಕ್ಕೆ ಬರುತ್ತೇವೆ.

ಹಿಂದೆ ಉತಾರ ಬೇಕಾದ ರೈತನು ತಲಾಠಿಯ ಬಾಗಿಲು ಕಾಯಬೇಕಾಗಿತ್ತು. 2000ದ ಇಸವಿಯ ಸುಮಾರಿಗೆ ‘ಭೂಮಿ’ ಯೋಜನೆ ಬಂದಿತು. ಕೈಬರಹದ ಉತಾರ ಹೋಗಿ ಕಂಪ್ಯೂಟರಿನ ಉತಾರ ಬಂದಿತು. ಅದು ಒಳ್ಳೆಯದೇ ಆಯಿತೆಂದು ನಾವು ಒಪ್ಪುತ್ತೇವೆ. ಆದರೆ ಅಲ್ಲಿಂದೀಚೆಗೆ ಪಡಿತರ, ಪಿಂಚಣಿ, ಬೆಳೆವಿಮೆ, ವಿದ್ಯಾರ್ಥಿವೇತನ ಎಲ್ಲವೂ ಯಂತ್ರದೊಳಗೆ ಸೇರಿದವು. 2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿಗಾಗಿ ಹೆಸರು ಬರೆಸಲು ತಾಯಂದಿರು ಸರದಿಯಲ್ಲಿ ನಿಂತುದನ್ನು ನಾವೆಲ್ಲ ಕಂಡಿದ್ದೇವೆ. ಅದೇ ವರ್ಷದ ಜನವರಿ 1ರಿಂದ ಉದ್ಯೋಗ ಖಾತ್ರಿಯ ಹಾಜರಿಗೂ ಮೊಬೈಲಿನ ಫೋಟೋ ಕಡ್ಡಾಯವಾಯಿತು. ಫೋಟೋ ಏರದಿದ್ದರೆ ಬಿಸಿಲಲ್ಲಿ ದುಡಿದವನ ಹಾಜರಿಯೇ ಇಲ್ಲ! ತನ್ನ ಹಕ್ಕಿನ ಕಾಗದ ತೆಗೆಯಲು ತಿಳಿಯದವನು ಇಂದಿಗೂ ಯಾರದಾದರೊಂದು ಬಾಗಿಲು ಕಾಯಲೇಬೇಕು. ಬಾಗಿಲು ಬದಲಾಗಿದೆ, ಕಾಯುವುದು ತಪ್ಪಿಲ್ಲ.

ಈ ವಿದ್ಯೆ ಕಲಿಸಲು ಸರಕಾರದ ಹತ್ತಿರ ಹಣವಿಲ್ಲವೆ? ಇದೆ. ಟೆಲಿಫೋನ್ ಕಂಪನಿಗಳ ವರಮಾನದಲ್ಲಿ ನೂರಕ್ಕೆ 5ರಂತೆ ತೆಗೆದಿಡುವ ನಿಧಿಯೊಂದು 2002ರಿಂದ ನಡೆದು ಬಂದಿದೆ. ಈಗ ಅದರ ಹೆಸರು ಡಿಜಿಟಲ್ ಭಾರತ ನಿಧಿ. ಕಂಪನಿಗಳು ಈ ಹಣವನ್ನು ತಮ್ಮ ಮನೆಯಿಂದ ತರುವುದಿಲ್ಲ. ನಾವು ಮಾಡಿಸುವ ರೀಚಾರ್ಜಿನಿಂದಲೇ ಅದು ಹುಟ್ಟುತ್ತದೆ. ಗ್ರಾಮ ಪಂಚಾಯತಿಗಳಿಗೆ ಫೈಬರ್ ತಂತಿ ಎಳೆಯುವ ಕೆಲಸಕ್ಕೆ 2011ರಲ್ಲಿ ಒಪ್ಪಿಗೆ ದೊರೆಯಿತು. ಹನ್ನೆರಡು ವರ್ಷ ಕಳೆದ ಮೇಲೆ, 2023ರಲ್ಲಿ, ಅದೇ ಭಾರತ್‌ನೆಟ್ಟಿಗೆ 1,39,579 ಕೋಟಿ ರೂಪಾಯಿಗಳ ಇನ್ನೊಂದು ಯೋಜನೆ ಮಂಜೂರಾಯಿತು. ತಂತಿಗೆ ಹಣವಿದ್ದ ಮೇಲೆ ಮನುಷ್ಯನಿಗೆ ಇಲ್ಲವೆನ್ನಲು ಬರುವುದಿಲ್ಲ.

ಮನುಷ್ಯನಿಗಾಗಿ 2017ರಲ್ಲಿ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಆರಂಭವಾಯಿತು. ಆರು ಕೋಟಿ ಮನೆಗಳಿಗೆ ಮನೆಗೊಬ್ಬರಂತೆ ಕಲಿಸುವುದು ಗುರಿ. ವೆಚ್ಚ 2,351 ಕೋಟಿ ರೂಪಾಯಿ. ಇಪ್ಪತ್ತು ತಾಸಿನ ಪಾಠ, ಒಂದು ಪರೀಕ್ಷೆ. ತೇರ್ಗಡೆಯಾದ ತಲೆಯೊಂದಕ್ಕೆ ತರಬೇತಿ ಕೇಂದ್ರಕ್ಕೆ 300 ರೂಪಾಯಿ. 2024ರ ಮಾರ್ಚಿನಲ್ಲಿ ಅದು ಮುಗಿಯಿತು. ಕಲಿತವರ ಲೆಕ್ಕ ಗುರಿಯನ್ನು ದಾಟಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ತಲೆಗಿಷ್ಟು ಎಂದು ಹಣ ಕೊಟ್ಟರೆ ತಲೆ ಎಣಿಸುವ ಕೆಲಸವೇ ನಡೆಯುತ್ತದೆ. ಬೇಗ ಕಲಿಯುವ ಹುಡುಗನಿಗೂ, ಅಕ್ಷರವೇ ಬಾರದ ಬೆಟಗೇರಿಯ ನೇಕಾರ ತಾಯಿಗೂ ಅದೇ 300 ರೂಪಾಯಿ ಎಂದ ಮೇಲೆ, ಕೇಂದ್ರ ನಡೆಸುವವನು ಯಾರನ್ನು ಹುಡುಕಿಕೊಂಡು ಹೋದಾನು? ಆ ತಾಯಿಗೆ ಇಪ್ಪತ್ತು ತಾಸು ಸಾಲದು. ಪಾಠ ಮರೆತಾಗ ಮರುದಿನ ಹೋಗಿ ಕೇಳಲು ಒಂದು ಸ್ಥಳ ಬೇಕು. ಅಲ್ಲಿ ಒಬ್ಬ ಮನುಷ್ಯ ಇರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ನೂರಕ್ಕೆ 57. ಹೆಂಗಸರು 33 ಮಾತ್ರ.

“ಈಗ ಎಲ್ಲರ ಕೈಯಲ್ಲೂ ಫೋನಿದೆ, ಅನುದಾನವೇಕೆ?” ಎಂದು ಕೆಲವರು ಕೇಳುತ್ತಾರೆ. ಹಾಡು ನೋಡುವ ಫೋನು ಬೇರೆ, ಅರ್ಜಿ ತುಂಬುವ ವಿದ್ಯೆ ಬೇರೆ. ಶಿರಹಟ್ಟಿಯ ತಾಂಡಾಗಳಿಂದ ಗೋವೆಗೆ ದುಡಿಯಲು ಹೋದ ಮಗನ ಕೈಯಲ್ಲಿ ಮನೆಯ ಏಕೈಕ ಫೋನು ಇದ್ದರೆ, ಊರಲ್ಲಿ ಉಳಿದ ಮುದುಕಿಯ ಪಿಂಚಣಿಯ ಒಟಿಪಿ ಎಲ್ಲಿಗೆ ಬರಬೇಕು?

ಹೊಸ ಕಟ್ಟಡ ಕೇಳುವ ಕಾರಣವಿಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. 2019ರಿಂದ ಅವು ಪಂಚಾಯತ್ ರಾಜ್ ಇಲಾಖೆಗೆ ಸೇರಿವೆ. ಅನೇಕ ಕಡೆ ಕಂಪ್ಯೂಟರುಗಳೂ ಬಂದಿವೆ. 1965ರ ಕಾಯದೆಯಂತೆ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ನಾವೇ ಕೊಡುತ್ತಿದ್ದೇವೆ. ಆದುದರಿಂದ ನಮ್ಮ ಬೇಡಿಕೆಗಳು ಇವು:

ಒಂದು, ಅನುದಾನ ತಲೆಯೆಣಿಕೆಯ ಮೇಲೆ ಬೇಡ. ವರ್ಷವಿಡೀ ತೆರೆದಿರುವ ಗ್ರಂಥಾಲಯಕ್ಕೆ ಬರಲಿ. ಎರಡು, ಗ್ರಂಥಾಲಯ ಮೇಲ್ವಿಚಾರಕರಿಗೆ ಪೂರ್ಣಾವಧಿಯ ಕೆಲಸ, ಪೂರ್ಣ ಸಂಬಳ ದೊರೆಯಲಿ. ಗದಗಿನಲ್ಲಿಯೇ ಇರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಅವರಿಗೆ ತರಬೇತಿ ಕೊಡಲಿ. ಮೂರು, ಹೆಣ್ಣುಮಕ್ಕಳು ಹೊಲಮನೆ ಮುಗಿಸಿ ಬರುವ ಸಂಜೆಯ ಹೊತ್ತು ಅವರಿಗಾಗಿ ಮೀಸಲಿರಲಿ. ನಾಲ್ಕು, ರಿಪೇರಿ, ಕರೆಂಟು, ಇಂಟರ್ನೆಟ್ಟಿನ ಖರ್ಚು ಮಂಜೂರಾತಿಯಲ್ಲೇ ಸೇರಲಿ. ಧೂಳು ತಿನ್ನುವ ಕಂಪ್ಯೂಟರು ಯಾರಿಗೂ ಬೇಡ. ಐದು, ಬಂದ ಹಣ, ಆದ ಖರ್ಚು ಎರಡನ್ನೂ ಗ್ರಾಮಸಭೆಯಲ್ಲಿ ಓದಿ ಹೇಳಲಿ.

ಈ ಐದನೆಯದು ನಮ್ಮ ನೆಲಕ್ಕೆ ಹೊಸದಲ್ಲ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘ ಹುಟ್ಟಿತು. ಕಾಯದೆಯನ್ನು ಸರಕಾರ ಮಾಡಿತ್ತು. ಸಂಘವನ್ನು ಊರು ಕಟ್ಟಿತು. ಸಾಹುಕಾರನ ಲೆಕ್ಕದ ಕೆಳಗೆ ಹೆಬ್ಬೆಟ್ಟು ಒತ್ತುತ್ತಿದ್ದ ರೈತನಿಗೆ ತನ್ನದೇ ಸಂಘ, ತನ್ನದೇ ಲೆಕ್ಕ ದೊರೆಯಿತು. ಇಂದು ಹೆಬ್ಬೆಟ್ಟು ಯಂತ್ರದ ಗಾಜಿನ ಮೇಲೆ ಬಿದ್ದಿದೆ, ಅಷ್ಟೆ.

ಮುಂದಿನ ಗ್ರಾಮಸಭೆಗೆ ಬರಿಗೈಯಲ್ಲಿ ಹೋಗಬೇಡಿರಿ. ನಿಮ್ಮ ಊರಿನ ಗ್ರಂಥಾಲಯಕ್ಕೆ ಬಂದುದೆಷ್ಟು, ಅದು ತೆರೆದಿದ್ದುದು ಎಷ್ಟು ದಿನ ಎಂಬ ಎರಡು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿರಿ. ಉತ್ತರ ಬರುವವರೆಗೆ ಕೂತುಕೊಳ್ಳಬೇಡಿರಿ.