ಹೆಸರು ಬದಲಿಸುವ ಕೆಲಸ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣದ ಬರಹರೂಪ)



ನಾವು ಮೂವರು ಇದೇ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿದವರು. ಈಗ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ದುಡಿಯುತ್ತಿದ್ದೇವೆ. ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುವುದು ಒಂದೇ ಪ್ರಶ್ನೆ: "ಬೆಳಿಗ್ಗೆಯಿಂದ ರಾತ್ರಿಯವರೆಗೆ ಕಂಪ್ಯೂಟರ್ ಮುಂದೆ ಕೂತು ಏನು ಮಾಡ್ತೀರಪ್ಪ?" ಹೊಸದೇನನ್ನೋ ಕಂಡುಹಿಡಿಯುತ್ತೇವೆ ಎಂದುಕೊಂಡವರಿಗೆ ಸ್ವಲ್ಪ ನಿರಾಸೆಯಾದೀತು. ನಮ್ಮ ಹೊತ್ತಿನ ಬಹುಪಾಲು ಹೋಗುವುದು ಬೇರೆಯವರು ಬರೆದಿಟ್ಟ ಹಳೆಯ ಕೋಡ್ ಓದುವುದರಲ್ಲಿ, ಅದರೊಳಗಿನ ಹೆಸರುಗಳನ್ನು ಸರಿಪಡಿಸುವುದರಲ್ಲಿ. ಹೆಸರು ಬದಲಿಸುವುದಕ್ಕೂ ಸಂಬಳವೇ ಎಂದು ನಗಬೇಡಿ. ಈ ಕಷ್ಟ ಇಲ್ಲಿ ಕುಳಿತಿರುವ ತಾಯಂದಿರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಅಂಕಪಟ್ಟಿಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮುಹಮ್ಮದ್, ಪಾಸ್‌ಬುಕ್ಕಿನಲ್ಲಿ ಬರೀ ಎಂ.ಡಿ. ಹುಡುಗ ಒಬ್ಬನೇ, ಕಾಗದದಲ್ಲಿ ಮೂವರು. ಒಂದು ಕಡೆ ತಿದ್ದಿಸಿದರೆ ಇನ್ನೊಂದು ಕಡೆ ಹೊಂದುವುದಿಲ್ಲ; ಹಣ ಬ್ಯಾಂಕಿನವರೆಗೆ ಹೋಗಿ ವಾಪಸು ಬರುತ್ತದೆ. ದೊಡ್ಡ ಸಾಫ್ಟ್‌ವೇರ್ ಒಂದರಲ್ಲಿ ಲಕ್ಷಗಟ್ಟಲೆ ಸಾಲುಗಳಿರುತ್ತವೆ. ಪ್ರತಿಯೊಂದು ಲೆಕ್ಕಕ್ಕೂ ಪ್ರತಿಯೊಂದು ಕಾಲಂಗೂ ಒಂದು ಹೆಸರು. ಅದೇ ಹೆಸರು ಸಾವಿರ ಕಡೆ ಬಂದಿರುತ್ತದೆ. ಒಂಬೈನೂರ ತೊಂಬತ್ತೊಂಬತ್ತು ಕಡೆ ಬದಲಿಸಿ ಒಂದು ಕಡೆ ಬಿಟ್ಟರೆ ನಿಲ್ಲುವುದು ಅಲ್ಲೇ.

"ಒಂದೇ ಸಲ ಹುಡುಕಿ ಎಲ್ಲವನ್ನೂ ಬದಲಿಸು ಎಂದರೆ ಸಾಲದೇ?" ಎಂದು ವಿದ್ಯಾರ್ಥಿಗಳು ಕೇಳಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ಅಲಿ ಎಂದು ಬರೆದು ನೋಡಿ: ಎ, ಎಲ್, ಐ. ಈ ಮೂರು ಅಕ್ಷರ ಸಲೀಮನಲ್ಲಿದೆ, ಖಾಲಿದನಲ್ಲಿದೆ, ಮಲಿಕನಲ್ಲಿದೆ. ಅರ್ಜಿಯ 'ಕ್ವಾಲಿಫಿಕೇಶನ್' ಕಾಲಂನಲ್ಲೂ ಇದೆ. ಒಬ್ಬ ಅಲಿಯ ಕಾಗುಣಿತ ತಿದ್ದಲು ಹೋದರೆ ಇಷ್ಟು ಜನರ ಹೆಸರು ಕೆಡುತ್ತದೆ. ಇದು ನಮ್ಮ ಕಲ್ಪನೆಯಲ್ಲ. ಯಾಹೂ ಮೇಲ್‌ನಲ್ಲಿ ಕಿಡಿಗೇಡಿ ಆಜ್ಞೆಗಳನ್ನು ತಡೆಯಲೆಂದು 'ಇವ್ಯಾಲ್' ಎಂಬ ತುಣುಕು ಕಂಡಲ್ಲೆಲ್ಲ 'ರಿವ್ಯೂ' ಎಂದು ಬದಲಿಸುವ ವ್ಯವಸ್ಥೆ ಇತ್ತು. ಮಧ್ಯಯುಗಕ್ಕೆ ಇಂಗ್ಲಿಷಿನಲ್ಲಿ ಹೇಳುವ 'ಮೆಡಿಇವಲ್' ಪದದ ಕೊನೆಯಲ್ಲಿ ಅದೇ ನಾಲ್ಕು ಅಕ್ಷರಗಳಿವೆ. ಹಾಗಾಗಿ ಕಳಿಸಿದ ಪತ್ರದಲ್ಲಿ 'ಮೆಡಿಇವಲ್' ಇದ್ದರೆ ತಲುಪಿದ ಪತ್ರದಲ್ಲಿ 'ಮೆಡಿರಿವ್ಯೂ' ಇರುತ್ತಿತ್ತು! 2002ರಲ್ಲಿ ಇದು ಸುದ್ದಿಯಾಗುವ ಹೊತ್ತಿಗೆ, ಇಲ್ಲದ ಆ ಪದ ಎಷ್ಟೋ ಬರಹಗಳಲ್ಲಿ ಸೇರಿಕೊಂಡಿತ್ತು.

ಈಗ ಒಳ್ಳೆಯ ಉಪಕರಣಗಳಿವೆ. ಯಾವುದು ಹೆಸರು, ಯಾವುದು ಬೇರೆ ಪದದೊಳಗಿನ ತುಣುಕು ಎಂದು ಅವು ತಿಳಿಯುತ್ತವೆ. ಆದರೆ ಕೋಡಿನ ಹೊರಗೆ ಹೋದ ಹೆಸರನ್ನು ಅವು ಹಿಡಿಯಲಾರವು. ಮುದ್ರಿಸುವ ನಮೂನೆ, ಡೇಟಾಬೇಸಿನ ಕಾಲಂ, ಕಡತದ ಹೆಸರು, ಲೆಕ್ಕಪರಿಶೋಧಕರ ಬಳಿ ಇರುವ ಎಕ್ಸೆಲ್ ಹಾಳೆ: ಇವನ್ನು ಮನುಷ್ಯರೇ ಹುಡುಕಬೇಕು.

ನಮ್ಮ ಮನೆಯೊಳಗೆ ಮಗುವನ್ನು ಏನೆಂದು ಕರೆದರೂ ಸರಿ. ಊರಿಗೆಲ್ಲ ಹೋದ ಹೆಸರು ಹಾಗಲ್ಲ. ಇಂಟರ್‌ನೆಟ್ಟಿನಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ 'ಎಲ್ಲಿಂದ ಬಂದಿರಿ' ಎಂದು ತಿಳಿಸುವ ಒಂದು ಸಾಲು ಇರುತ್ತದೆ. ಅದರ ಹೆಸರು 'ರೆಫರರ್'. ಇಂಗ್ಲಿಷಿನಲ್ಲಿ ಅದಕ್ಕೆ ನಡುವೆ ಎರಡು 'ಆರ್' ಬೇಕು. 1996ರ ನಿಯಮಾವಳಿಯಲ್ಲಿ ಒಂದೇ 'ಆರ್' ಅಚ್ಚಾಯಿತು. ಜಗತ್ತಿನ ಕಂಪ್ಯೂಟರ್‌ಗಳೆಲ್ಲ ಅದನ್ನೇ ಕಲಿತವು. ತಪ್ಪು ಎಂದು ಎಲ್ಲರಿಗೂ ಗೊತ್ತು. ಆದರೂ ಇಂದಿಗೂ ಒಂದೇ 'ಆರ್'.

ನಮ್ಮ ಕನ್ನಡಕ್ಕೂ ಹೀಗೆಯೇ ಆಗಿದೆ. ಕಂಪ್ಯೂಟರ್ ಪ್ರತಿಯೊಂದು ಅಕ್ಷರವನ್ನೂ ಗುರುತಿಸಲು ಯುನಿಕೋಡ್ ಎಂಬ ವ್ಯವಸ್ಥೆ ಇದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಒಂದು ಹೆಸರು. ಹಳಗನ್ನಡದಲ್ಲಿ ೞ ಎಂಬ ಅಕ್ಷರವಿತ್ತು. ಯುನಿಕೋಡಿನಲ್ಲಿ ಅದಕ್ಕೆ ಕೊಟ್ಟ ಹೆಸರು 'ಕನ್ನಡ ಅಕ್ಷರ ಫ'! ಫಾತಿಮಾ, ಫರ್ಹಾನ್ ಎಂದು ಹೆಸರಿಟ್ಟವರಿಗೆ ನಮಗಾಗಿಯೇ ಒಂದು ಅಕ್ಷರ ಬಂತೆಂದು ಖುಷಿಯಾಗಬಹುದು. ಆದರೆ ಅದು ನಮ್ಮ 'ಫ' ಅಲ್ಲವೇ ಅಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದು ಎಂಬುದು ಯುನಿಕೋಡಿನ ನಿಯಮ. ಅದನ್ನು ನಂಬಿ ಬರೆದ ಕೋಡ್ ಎಲ್ಲೆಲ್ಲಿದೆಯೋ ಯಾರಿಗೆ ಗೊತ್ತು? ಹಾಗಾಗಿ ತಪ್ಪು ಹೆಸರು ಉಳಿಯಿತು, ಪಕ್ಕದಲ್ಲಿ ಸರಿಯಾದ ಹೆಸರನ್ನೂ ಬರೆದಿಟ್ಟರು. ನಮಗೆ ಇದು ಜಾಣತನದ ದಾರಿ ಎನಿಸುತ್ತದೆ.

ಉರ್ದು ಓದುವವರಿಗೆ ಇನ್ನೊಂದು ಮಾತು. ಅರಬಿಯ 'ಯಾ' ಮತ್ತು ಉರ್ದುವಿನ 'ಯೇ' ಪದದ ನಡುವೆ ಬಂದಾಗ ಕಣ್ಣಿಗೆ ಒಂದೇ. ಯುನಿಕೋಡಿನಲ್ಲಿ ಮಾತ್ರ ಬೇರೆ ಬೇರೆ ಸಂಖ್ಯೆ. ಕರೀಮ್ ಎಂದು ಅರಬಿ ಕೀಲಿಮಣೆಯಲ್ಲಿ ಒಬ್ಬರು, ಉರ್ದು ಕೀಲಿಮಣೆಯಲ್ಲಿ ಇನ್ನೊಬ್ಬರು ಬರೆದರೆ ನಮಗೆ ಒಬ್ಬನೇ ಕರೀಮ್, ಕಂಪ್ಯೂಟರಿಗೆ ಇಬ್ಬರು.

ದೊಡ್ಡ ಪ್ರಮಾಣದಲ್ಲಿ ಹೆಸರು ಬದಲಿಸಿದ್ದನ್ನು ನಮ್ಮ ರಾಜ್ಯವೇ ಮಾಡಿ ತೋರಿಸಿದೆ. 2014ರ ನವೆಂಬರ್ 1ರಂದು 12 ನಗರಗಳ ಹೆಸರು ಬದಲಾಯಿತು. ಇಂಗ್ಲಿಷಿನ ಮ್ಯಾಂಗಲೋರ್ ಹೋಗಿ ಮಂಗಳೂರು ಬಂತು, ಬೆಲ್ಗಾಂ ಹೋಗಿ ಬೆಳಗಾವಿ ಬಂತು. ಬೋರ್ಡುಗಳು ಬದಲಾದವು. ಆದರೆ ವಿಮಾನದ ಟಿಕೆಟಿನಲ್ಲಿ ಮಂಗಳೂರು ಇಂದಿಗೂ 'ಐ.ಎಕ್ಸ್.ಇ.', ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣ ಇಂದಿಗೂ 'ಎಂ.ಎ.ಕ್ಯು.' ಜನರು ಓದುವ ಹೆಸರು ಬೇರೆ, ಯಂತ್ರಗಳು ಒಂದಕ್ಕೊಂದು ಹೇಳಿಕೊಳ್ಳುವ ಗುರುತು ಬೇರೆ. ಮೊದಲನೆಯದನ್ನು ಗೌರವಕ್ಕಾಗಿ ಬದಲಿಸಬಹುದು. ಎರಡನೆಯದನ್ನು ಮುಟ್ಟುವ ಮೊದಲು ಹತ್ತು ಸಲ ಯೋಚಿಸಬೇಕು.

ಎಲ್ಲಕ್ಕಿಂತ ಕಷ್ಟವಾದದ್ದು ಹಳೆಯ ಹೆಸರು ಹಾಗೆಯೇ ಉಳಿದು ಅದರ ಅರ್ಥ ಬದಲಾಗುವುದು. ಪೈಥಾನ್ ಭಾಷೆಯ ಮೂರನೆಯ ಆವೃತ್ತಿ 2008ರ ಡಿಸೆಂಬರಿನಲ್ಲಿ ಬಂದಾಗ, ಹಿಂದೆ 'ಯುನಿಕೋಡ್' ಎನ್ನುತ್ತಿದ್ದುದಕ್ಕೆ 'ಸ್ಟ್ರಿಂಗ್' ಎಂಬ ಹೆಸರು ಬಂತು. ಹಳೆಯ 'ಸ್ಟ್ರಿಂಗ್'ನ ಜಾಗಕ್ಕೆ 'ಬೈಟ್ಸ್' ಬಂತು. ಕನ್ನಡ, ಉರ್ದು, ಅರಬಿ ಬರಹಗಳಿಗೆ ಇದರಿಂದ ಒಳ್ಳೆಯದೇ ಆಯಿತು. ಆದರೆ ಜಗತ್ತಿನ ಕೋಡ್ ಅತ್ತ ಸಾಗಲು ವರ್ಷಗಳೇ ಬೇಕಾದವು. ಎರಡನೆಯ ಆವೃತ್ತಿಯ ಬೆಂಬಲ ಮುಗಿದದ್ದು 2020ರ ಜನವರಿ 1ಕ್ಕೆ.

ಇನ್ನು ಟ್ರಸ್ಟಿನ ವಿಷಯ. ಬಹಳ ಹಿಂದೆ ಹಿತೈಷಿಯೊಬ್ಬರು ಉಚಿತವಾಗಿ ಬರೆದುಕೊಟ್ಟ ತಂತ್ರಾಂಶ ನಮ್ಮ ಕಚೇರಿಯಲ್ಲಿದೆ. ಅದರಲ್ಲಿ ಪ್ರತಿ ವಿದ್ಯಾರ್ಥಿಯ ಗುರುತು ಇಂಗ್ಲಿಷಿನ 'ಪೂವರ್' ಎಂಬ ಪದದಿಂದ ಶುರುವಾಗುತ್ತಿತ್ತು: ಪೂವರ್, ನಂತರ ಒಂದು ಸಂಖ್ಯೆ. ಕೋಡಿನೊಳಗಷ್ಟೇ ಇದ್ದಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಕಾಲೇಜಿನ ಕಚೇರಿಯಲ್ಲಿ ತೋರಿಸಬೇಕಾದ ಚೀಟಿಯ ಮೇಲೂ ಅದು ಅಚ್ಚಾಗುತ್ತಿತ್ತು. ಕಳೆದ ವರ್ಷ ಒಬ್ಬ ತಾಯಿ ಪದಾಧಿಕಾರಿಗಳ ಬಳಿ ಬಂದು, "ಹಣ ಕೊಟ್ಟಿದ್ದೀರಿ, ದೊಡ್ಡ ಉಪಕಾರ. ಆದರೆ ಮಗಳು ಆ ಚೀಟಿ ತೋರಿಸಲು ನಾಚಿ ಎರಡು ದಿನ ಕಾಲೇಜಿಗೇ ಹೋಗಲಿಲ್ಲ. ಆ ಒಂದು ಪದ ತೆಗೆಯಲು ಆಗುತ್ತದಾ?" ಎಂದರು. ಸಮಿತಿ ಆ ದಿನವೇ ಒಪ್ಪಿತು, ಕೆಲಸ ನಮಗೆ ಬಂತು.

ದಾನಿಗಳಿಗೆ ಇಲ್ಲಿ ನ್ಯಾಯವಾದ ಆತಂಕವಿತ್ತು. ಅವರ ರಶೀದಿ ಮತ್ತು ವಿದ್ಯಾರ್ಥಿಗೆ ಸಂದ ಹಣ, ಎರಡನ್ನೂ ಜೋಡಿಸುವುದು ಅದೇ ಗುರುತು. ಅದು ತುಂಡಾದರೆ ಯಾರ ಹಣ ಯಾರಿಗೆ ತಲುಪಿತೆಂದು ತೋರಿಸಲಾಗದು. ಹುಡುಕಿ ಬದಲಿಸುವ ದಾರಿಯೂ ಮುಚ್ಚಿತ್ತು. ಇಂಗ್ಲಿಷಿನ 'ಪೂವರ್' ಅಕ್ಷರಗಳು ಅಪೂರ್ವಳಲ್ಲಿವೆ, ಪೂರ್ಣಿಮಾಳಲ್ಲಿವೆ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹೆಸರಿನಲ್ಲೂ ಇವೆ.

ಆದ್ದರಿಂದ ಮೊದಲು ಆ ಪದ ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಿದೆವು. ಮೂಲವನ್ನು ಮುಟ್ಟದೆ ನಕಲು ಪ್ರತಿಯಲ್ಲಿ ಹೊಸ ಹೆಸರು 'ವಿದ್ಯಾರ್ಥಿ' ಸೇರಿಸಿ, ಕೆಲವು ತಿಂಗಳು ಎರಡೂ ಹೆಸರು ನಡೆಯುವಂತೆ ಮಾಡಿದೆವು. ವರ್ಷವಾರು ವಿದ್ಯಾರ್ಥಿಗಳ ಸಂಖ್ಯೆ ಮತ್ತು ಒಟ್ಟು ಹಣವನ್ನು ಬದಲಾವಣೆಯ ಮೊದಲು ಒಮ್ಮೆ, ನಂತರ ಒಮ್ಮೆ ಕೂಡಿ ನೋಡಿದೆವು. ಒಂದು ರೂಪಾಯಿಯೂ ಆಚೀಚೆ ಆಗದೆ ಹೊಂದಿದ ಮೇಲೆ ನಿಜವಾದ ಪ್ರತಿಗೆ ಕೈ ಹಾಕಿದೆವು. ಗುರುತಿನ ಸಂಖ್ಯೆಗಳನ್ನು ಬದಲಿಸಲಿಲ್ಲ. ಮುಗಿದ ವರ್ಷಗಳ ಪರಿಶೋಧಿತ ಲೆಕ್ಕವನ್ನು ಮುಟ್ಟಲೇ ಇಲ್ಲ.

ಹುಡುಕುವಾಗ ಇನ್ನೊಂದು ಸಿಕ್ಕಿತು. ಝಕಾತ್ ಎಂಬ ಪದ ಇಂಗ್ಲಿಷಿನಲ್ಲಿ ಮೂರು ಬಗೆಯ ಕಾಗುಣಿತದಲ್ಲಿ ಮೂರು ಕಡೆ ಇತ್ತು. ಝಕಾತ್ ಹಣವನ್ನು ಉಳಿದ ದಾನಗಳೊಂದಿಗೆ ಬೆರೆಸುವಂತಿಲ್ಲ ಎಂಬುದು ನಿಮಗೆಲ್ಲ ತಿಳಿದಿದೆ. ನಮ್ಮ ಖಜಾಂಚಿಯವರು ಪ್ರತಿ ವರ್ಷ ಮೂರು ಸಾಲುಗಳನ್ನೂ ಪೆನ್ಸಿಲಿನಲ್ಲಿ ಕೂಡಿ ತಾಳೆ ನೋಡುತ್ತಿದ್ದುದರಿಂದ ಲೆಕ್ಕ ಸರಿಯಾಗಿಯೇ ಇತ್ತು. ಈಗ ಕಾಗುಣಿತ ಒಂದೇ ಆಗಿದೆ. ಖಜಾಂಚಿಯವರು ಮಾತ್ರ ಪೆನ್ಸಿಲ್ ಬಿಟ್ಟಿಲ್ಲ, ಬಿಡುವುದೂ ಬೇಡ.

ಈ ಸಾಲಿನ ಅರ್ಜಿದಾರರಿಗೆ ಕೆಲವು ಸೂಚನೆಗಳು. ಅರ್ಜಿಯಲ್ಲಿ ಹೆಸರನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಬರೆಯಿರಿ. ಆಧಾರ್ ಅಥವಾ ಪಾಸ್‌ಬುಕ್ಕಿನಲ್ಲಿ ಬೇರೆ ಕಾಗುಣಿತವಿದ್ದರೆ ಅದನ್ನು ಬರೆಯಲು ಕೆಳಗೆ ಪ್ರತ್ಯೇಕ ಜಾಗ ಇಟ್ಟಿದ್ದೇವೆ. ಆ ಕಾರಣಕ್ಕೆ ಯಾರ ಅರ್ಜಿಯನ್ನೂ ತಿರಸ್ಕರಿಸುವುದಿಲ್ಲ. ಹಳೆಯ ಚೀಟಿ ಕೈಯಲ್ಲಿರುವವರು ಅದನ್ನು ಕಚೇರಿಗೆ ತಂದರೆ ಅದೇ ಸಂಖ್ಯೆಯ ಹೊಸ ಚೀಟಿ ಕೊಡುತ್ತಾರೆ. ಹೊಸ ಚೀಟಿಯ ಮೇಲೆ ಮಗುವಿನ ಹೆಸರು, ತರಗತಿ ಮತ್ತು 'ವಿದ್ಯಾರ್ಥಿ' ಎಂಬ ಪದ ಮಾತ್ರ ಇರುತ್ತದೆ. ಇಂದು ಮಧ್ಯಾಹ್ನ ಊಟದ ನಂತರ ನಾವು ಮೂವರೂ ಬಾಗಿಲ ಬಳಿಯ ಮೇಜಿನಲ್ಲಿ ಕುಳಿತಿರುತ್ತೇವೆ. ಕಾಗದಪತ್ರ ತಂದವರು ಅಲ್ಲಿಯೇ ತೋರಿಸಬಹುದು.