ದಂಪತಿಗಳ ಹೃದಯಾರೋಗ್ಯ: ಕೊಲೆಸ್ಟರಾಲ್ ಮತ್ತು ಅಪಾಯದ ಅಂದಾಜು

(ಸಾದಲಿಯಲ್ಲಿ ದಂಪತಿಗಳನ್ನುದ್ದೇಶಿಸಿ ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ಹೆರಿಗೆ, ಮಕ್ಕಳ ಚುಚ್ಚುಮದ್ದು, ಮಿತ ಸಂತಾನ ಇವೇ ನಮ್ಮ ನೆನಪಿಗೆ ಬರುತ್ತವೆ. ಆದರೆ ಮಕ್ಕಳು ಶಾಲೆಯಲ್ಲಿರುವಾಗಲೇ ತಂದೆಯೋ ತಾಯಿಯೋ ಹೃದಯಾಘಾತಕ್ಕೆ ತುತ್ತಾದರೆ ಆ ಕುಟುಂಬದ ಕಲ್ಯಾಣವೆಲ್ಲಿ ಉಳಿಯಿತು? ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಈ ರೋಗ ನಮ್ಮವರಲ್ಲಿ ತಲೆದೋರುತ್ತದೆ. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ನಿಧನರಾದಾಗ ಅವರಿಗೆ ಕೇವಲ 46 ವರ್ಷ.

ಕೊಲೆಸ್ಟರಾಲ್ ಎಂಬುದು ಮೇಣದಂತಹ ಒಂದು ಕೊಬ್ಬಿನ ಪದಾರ್ಥ. ಇದು ಶರೀರಕ್ಕೆ ಬೇಕಾದುದೇ. ಇದರ ಬಹುಭಾಗವನ್ನು ಶರೀರವೇ, ಮುಖ್ಯವಾಗಿ ಯಕೃತ್ತು, ತಯಾರಿಸಿಕೊಳ್ಳುತ್ತದೆ. ಆದರೆ ಎಲ್.ಡಿ.ಎಲ್. ಎಂಬ ಬಗೆಯ ಕೊಲೆಸ್ಟರಾಲ್ ಹೆಚ್ಚಾದಾಗ ರಕ್ತನಾಳಗಳ ಒಳಗೋಡೆಯಲ್ಲಿ ಸೇರಿಕೊಂಡು ದಾರಿಯನ್ನು ಕಿರಿದುಮಾಡುತ್ತದೆ. ಹೀಗೆ ಕಿರಿದಾದೆಡೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತವಾಗುತ್ತದೆ. ಅದುವರೆಗೆ ಯಾವ ನೋವೂ ಕಾಣದಿರಬಹುದು. ಆದುದರಿಂದಲೇ ಪರೀಕ್ಷೆ ಅವಶ್ಯಕ.

ಹಾಗೆಂದು ಒಂದು ಅಂಕಿಯನ್ನು ಮಾತ್ರ ನೋಡಿ ಹೆದರುವುದಾಗಲಿ, ನಿಶ್ಚಿಂತರಾಗುವುದಾಗಲಿ ಸರಿಯಲ್ಲ. ನೀವು ರೇಷ್ಮೆಹುಳು ಸಾಕುವವರು. ಬೆಳೆಯ ಭವಿಷ್ಯವನ್ನು ಶಾಖವೊಂದರಿಂದಲೇ ನಿರ್ಣಯಿಸುವಿರೇನು? ತೇವಾಂಶ, ಸೊಪ್ಪಿನ ಗುಣ, ಹುಳು ಎಷ್ಟನೆಯ ಜ್ವರದಲ್ಲಿದೆ ಎಂಬುದೆಲ್ಲವನ್ನೂ ಕೂಡಿಸಿ ನೋಡುವಿರಿ. ಹೃದಯದ ಅಪಾಯವನ್ನೂ ವೈದ್ಯರು ಹಾಗೆಯೇ ಅಂದಾಜು ಮಾಡುತ್ತಾರೆ. ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಕೊಲೆಸ್ಟರಾಲ್, ಮನೆತನದಲ್ಲಿ ಹೃದ್ರೋಗ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಟ್ಟು ಕೊಲೆಸ್ಟರಾಲ್ 100 ಮಿಲಿಲೀಟರ್ ರಕ್ತದಲ್ಲಿ 200 ಮಿಲಿಗ್ರಾಂಗಿಂತ ಕಡಮೆಯಿರುವುದು ಒಳ್ಳೆಯದು. ಆದರೆ ಅಷ್ಟಿದ್ದರೂ ಬೀಡಿ ಸೇದುವ, ರಕ್ತದೊತ್ತಡವುಳ್ಳ ವ್ಯಕ್ತಿಯ ಅಪಾಯ ದೊಡ್ಡದೇ.

30 ವರ್ಷ ತುಂಬಿದ ಪತಿಪತ್ನಿಯರಿಬ್ಬರೂ ಒಟ್ಟಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿರಿ. ಕೊಲೆಸ್ಟರಾಲ್ ಪರೀಕ್ಷೆ ಯಾವಾಗ ಬೇಕೆಂಬುದನ್ನು ವೈದ್ಯರು ತಿಳಿಸುವರು. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ ಅದೂ ಎಚ್ಚರಿಕೆಯ ಗುರುತು. ಇದು ಗಂಡಸರ ಕಾಯಿಲೆಯೆಂದು ತಾಯಂದಿರು ಭಾವಿಸಬಾರದು. ಬಸುರಿನಲ್ಲಿ ರಕ್ತದೊತ್ತಡ ಅಥವಾ ಸಕ್ಕರೆ ಏರಿದ್ದವರಿಗೆ ಮುಂದೆ ಹೃದ್ರೋಗದ ಸಂಭವ ಹೆಚ್ಚು. ಮುಟ್ಟು ನಿಂತ ಮೇಲೆ ಅಪಾಯ ಇನ್ನೂ ಏರುತ್ತದೆ. ತಾಯಿ ಕಾರ್ಡನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸಿರಿ.

ಅಪಾಯ ಹೆಚ್ಚಿರುವವರಿಗೆ ವೈದ್ಯರು ಸ್ಟ್ಯಾಟಿನ್ ಮಾತ್ರೆಯನ್ನು ಕೊಡುತ್ತಾರೆ. 1973ರಲ್ಲಿ ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಅವರು ಒಂದು ಬಗೆಯ ಬೂಷ್ಟಿನಲ್ಲಿ ಈ ವರ್ಗದ ಮೊದಲ ಪದಾರ್ಥವನ್ನು ಕಂಡುಹಿಡಿದರು. ಯಕೃತ್ತು ಕೊಲೆಸ್ಟರಾಲ್ ತಯಾರಿಸುವುದನ್ನು ಇದು ತಗ್ಗಿಸುತ್ತದೆ. ಒಮ್ಮೆ ಹೃದಯಾಘಾತವಾದವರಿಗೆ, ಎಲ್.ಡಿ.ಎಲ್. 190 ಮಿಲಿಗ್ರಾಂ ದಾಟಿದವರಿಗೆ, 40 ವರ್ಷ ಮೀರಿದ ಬಹುಪಾಲು ಸಕ್ಕರೆ ಕಾಯಿಲೆಯವರಿಗೆ ಇದು ಬೇಕಾಗುತ್ತದೆ. ಅಂಕಿ ಇಳಿಯಿತೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಇಳಿದಿರುವುದು ಮಾತ್ರೆಯಿಂದಲೇ. ತೀವ್ರ ಮಾಂಸಖಂಡಗಳ ನೋವು ಅಥವಾ ಕಪ್ಪು ಬಣ್ಣದ ಮೂತ್ರ ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಗರ್ಭ ಧರಿಸಲು ಬಯಸುವ, ಗರ್ಭಿಣಿಯಾದ ಅಥವಾ ಹಾಲೂಡಿಸುವ ಸ್ತ್ರೀಯರು ಇದನ್ನು ವೈದ್ಯರನ್ನು ಕೇಳದೆ ಸೇವಿಸಲೇಬಾರದು.

ಮಾತ್ರೆಯೊಂದೇ ಸಾಲದು. ರಾಗಿ ಮುದ್ದೆ, ಸೊಪ್ಪಿನ ಸಾರು, ಅವರೆ, ಹುರುಳಿ ಇವು ಹೃದಯಕ್ಕೆ ಹಿತವಾದ ಆಹಾರ. ವನಸ್ಪತಿ, ಒಮ್ಮೆ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದು, ಅತಿಯಾದ ಉಪ್ಪು ಇವನ್ನು ಬಿಡಿರಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು ಸಾಕು. ತಂಬಾಕಿನ ಸೋಂಕು ರೇಷ್ಮೆಹುಳುವಿಗೆ ವಿಷವೆಂದು ಹುಳುಮನೆಯೊಳಗೆ ಬೀಡಿ ಸೇದಲು ನೀವು ಯಾರನ್ನೂ ಬಿಡುವುದಿಲ್ಲ. ಹೆಂಡತಿ ಮಕ್ಕಳಿರುವ ಮನೆಗೂ ಅದೇ ಕಟ್ಟುಪಾಡು ಇರಲಿ. ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವ ತಾಯಂದಿರೂ ಅದನ್ನು ತ್ಯಜಿಸಬೇಕು.

ಕೊನೆಯದಾಗಿ, ಎದೆ ಹಿಂಡಿದಂತೆ ನೋವು, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ಉಸಿರಾಟದ ಕಷ್ಟ ಕಂಡರೆ ವಾಯುವೆಂದು ಓಮದ ನೀರು ಕುಡಿದು ಕಾಯಬೇಡಿರಿ. ಸ್ತ್ರೀಯರಲ್ಲಿ ಕೇವಲ ಸುಸ್ತು, ವಾಕರಿಕೆಯಾಗಿಯೂ ಇದು ತೋರಬಹುದು. ಕೂಡಲೇ 108ಕ್ಕೆ ಕರೆಮಾಡಿ. ಪುನೀತ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಗೆ ಸೇರಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಇದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಚೆನ್ನಾಗಿ ಫಲಿಸುತ್ತದೆ.

ಪತಿಯ ರಕ್ತದೊತ್ತಡವೆಷ್ಟೆಂದು ಪತ್ನಿಗೂ, ಪತ್ನಿಯದು ಎಷ್ಟೆಂದು ಪತಿಗೂ ತಿಳಿದಿರಲಿ. ಒಬ್ಬರ ಮಾತ್ರೆಯನ್ನು ಮತ್ತೊಬ್ಬರು ನೆನಪಿಸಲಿ. ಮಕ್ಕಳು ಬೆಳೆದು ನೆಲೆನಿಲ್ಲುವವರೆಗೂ, ಅನಂತರವೂ, ನೀವಿಬ್ಬರೂ ಅವರ ಜೊತೆಗಿರಬೇಕು.