ಕೊಬ್ಬರಿ ಅಟ್ಟದಲ್ಲಿ, ಧಾರಣೆ ಅಂಗೈಯಲ್ಲಿ

(ತಿಪಟೂರಿನಲ್ಲಿ ತೆಂಗು ಬೆಳೆಗಾರರು ಹಾಗೂ ಸಹಕಾರ ಸಂಘಗಳ ಕಾರ್ಯಕರ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿಯಷ್ಟು ನಿಧಾನದ ಸರಕು ಮತ್ತೊಂದಿಲ್ಲ. ಚೆನ್ನಾಗಿ ಬಲಿತ ಕಾಯಿಯನ್ನು ಇಳಿಸಿ, ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಬೇಕು. ಅಲ್ಲಿ ಅದು ಎಂಟರಿಂದ ಹನ್ನೆರಡು ತಿಂಗಳು ಸುಮ್ಮನೆ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನುವವರೆಗೆ ಯಾರೂ ಅವಸರ ಮಾಡುವಂತಿಲ್ಲ. ಅವಸರ ಮಾಡಿದರೆ ಉಂಡೆಯೇ ಆಗುವುದಿಲ್ಲ.

ಇಷ್ಟು ನಿಧಾನದ ಸರಕಿನ ಸುದ್ದಿ ಮಾತ್ರ ಈಗ ಮಿಂಚಿನ ವೇಗದಲ್ಲಿ ಓಡುತ್ತದೆ. ಮಾರುಕಟ್ಟೆಯಲ್ಲಿ ಟೆಂಡರ್ ಮುಗಿದ ಕೆಲವೇ ನಿಮಿಷಗಳಲ್ಲಿ ಅಂದಿನ ಧಾರಣೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಂದಿರುತ್ತದೆ. ತೋಟದಲ್ಲಿ ನೀರು ಕಟ್ಟುತ್ತಿರುವವರಿಗೂ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಗನಿಗೂ ಅದು ಒಂದೇ ಕ್ಷಣದಲ್ಲಿ ತಲುಪುತ್ತದೆ. ಒಂದು ವರ್ಷ ಕಾಯುವ ಬೆಳೆ ಒಂದು ಕಡೆ, ಒಂದು ನಿಮಿಷ ಕಾಯದ ಸುದ್ದಿ ಇನ್ನೊಂದು ಕಡೆ. ಇವೆರಡರ ನಡುವೆ ರೈತ, ರೈತ ಸಂಘಟನೆ ಮತ್ತು ಪತ್ರಿಕೆ ಏನಾಗಿವೆ ಎಂಬುದೇ ಇಂದಿನ ವಿಷಯ.

ಧಾರಣೆ ಯಾರ ಸ್ವತ್ತು?

ಹಿಂದೆ ಧಾರಣೆ ಎಂಬುದು ಎಲ್ಲರ ಕೈಗೆ ಸಿಗುವ ವಸ್ತುವಾಗಿರಲಿಲ್ಲ. ಇಲ್ಲಿಯ ಉಂಡೆ ಕೊಬ್ಬರಿಗೆ ದೊಡ್ಡ ಗಿರಾಕಿ ಉತ್ತರ ಭಾರತ. ಅಲ್ಲಿಯ ಹಬ್ಬ, ಮದುವೆ, ಸಿಹಿತಿಂಡಿ, ಒಣಹಣ್ಣುಗಳ ವ್ಯಾಪಾರ ಏರಿದರೆ ಇಲ್ಲಿಯ ಧಾರಣೆ ಏರುತ್ತದೆ; ಅಲ್ಲಿ ಬೇಡಿಕೆ ಬಿದ್ದರೆ ಇಲ್ಲಿ ಕುಸಿಯುತ್ತದೆ. ಆ ದೂರದ ಸುದ್ದಿ ತಂತಿಯಲ್ಲಿ, ಟ್ರಂಕ್ ಕಾಲ್‌ನಲ್ಲಿ ಮೊದಲು ಮುಟ್ಟುತ್ತಿದ್ದುದು ವರ್ತಕರ ಮಂಡಿಗೆ. ರೈತನಿಗೆ ಆಕಾಶವಾಣಿಯ ಪೇಟೆ ಧಾರಣೆ, ಮರುದಿನದ ಪತ್ರಿಕೆ ಅಥವಾ ಸಂತೆಗೆ ಹೋಗಿ ಬಂದವರ ಮಾತೇ ಗತಿ. ಮೊದಲು ತಿಳಿದವನು ಮೊದಲು ಲಾಭ ಮಾಡಿಕೊಂಡ. ಕೊನೆಗೆ ತಿಳಿದವನು ಕಾಯಿ ಸುಲಿಸಿ, ಕೊಬ್ಬರಿ ಹೇರಿಕೊಂಡು ಬಂದು, ಮಾರುಕಟ್ಟೆಯಲ್ಲಿ ನಿಂತ ಮೇಲೆ ಬೆಲೆ ಕೇಳಿದ. ಹೇರಿಕೊಂಡು ಬಂದದ್ದನ್ನು ವಾಪಸ್ ಒಯ್ಯುವ ತ್ರಾಣ ಎಷ್ಟು ಮಂದಿಗಿತ್ತು?

ಈ ಅಂತರವನ್ನು ತಗ್ಗಿಸುವ ಮೊದಲ ದೊಡ್ಡ ಹೆಜ್ಜೆ ಜಾಲತಾಣದ್ದಲ್ಲ, ಸರ್ಕಾರದ್ದು. ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಒಂದೇ ವೇದಿಕೆಗೆ ತರುವ ಏಕೀಕೃತ ಮಾರುಕಟ್ಟೆ ವ್ಯವಸ್ಥೆ 2014ರಲ್ಲಿ ಆರಂಭವಾಯಿತು. ರಾಶಿಗೆ ಲಾಟ್ ನಂಬರ್ ಕೊಟ್ಟು, ವರ್ತಕರು ಕಂಪ್ಯೂಟರ್ ಮೂಲಕ ಬೆಲೆ ನಮೂದಿಸಿ, ಹೆಚ್ಚು ಕೂಗಿದವರಿಗೆ ಸರಕು ಹೋಗುವ ಇ-ಟೆಂಡರ್ ಪದ್ಧತಿ ನೆಲೆಯೂರಿತು. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಕೃಷಿ ಮಾರುಕಟ್ಟೆ ‘ಇ-ನಾಮ್’ ಪ್ರಾರಂಭಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು, ಮೊಬೈಲ್ ಇಂಟರ್ನೆಟ್ ದರ ನೆಲಕ್ಕಿಳಿಯಿತು. ಕಂಪ್ಯೂಟರ್‌ನಲ್ಲಿ ಮೂಡಿದ ಅಂಕಿ ಅಂಗೈಯಲ್ಲಿನ ಫೋನಿಗೆ ಇಳಿಯಲು ಆಮೇಲೆ ತಡವಾಗಲಿಲ್ಲ.

ಇದು ಸಣ್ಣ ಬದಲಾವಣೆಯಲ್ಲ. ಇಂದು ಹಳ್ಳಿಯಲ್ಲಿ ಕುಳಿತವರಿಗೂ ವರ್ತಕನಿಗೂ ಧಾರಣೆ ತಿಳಿಯುವ ಹೊತ್ತು ಹೆಚ್ಚು ಕಡಿಮೆ ಒಂದೇ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಮಾರುಕಟ್ಟೆ ಸಮಿತಿಯ ದಾಖಲೆಯಲ್ಲಿ ಮೂರು ಅಂಕಿಗಳಿರುತ್ತವೆ: ಕನಿಷ್ಠ, ಗರಿಷ್ಠ ಮತ್ತು ಹೆಚ್ಚಿನ ಸರಕು ಮಾರಾಟವಾದ ಮಾದರಿ ಧಾರಣೆ. ಗುಂಪಿನಿಂದ ಗುಂಪಿಗೆ ಹಾರುವುದು ಸಾಮಾನ್ಯವಾಗಿ ಗರಿಷ್ಠ ಧಾರಣೆ ಮಾತ್ರ. ಅದು ಯಾವುದೋ ಒಂದು ಉತ್ತಮ ಲಾಟಿಗೆ ಸಿಕ್ಕ ಬೆಲೆ. ಅದನ್ನೇ ತನ್ನ ಕೊಬ್ಬರಿಯ ಬೆಲೆ ಎಂದುಕೊಂಡು ಹೊರಟವರಿಗೆ ಅಂಗಳದಲ್ಲಿ ನಿರಾಸೆ ಕಾದಿರುತ್ತದೆ. ಅಂಕಿ ಸುಳ್ಳಲ್ಲ, ಅದರ ಅರ್ಥ ಮಾತ್ರ ಅರ್ಧ.

ಇನ್ನೊಂದು ಮಾತು. ಬೆಲೆ ತಿಳಿಯುವುದು ಬೇರೆ, ಕಾಯುವ ಶಕ್ತಿ ಇರುವುದು ಬೇರೆ. ಸಾಲದ ಕಂತು, ಮಗಳ ಫೀಸು, ಕೂಲಿಯವರ ಬಟವಾಡೆ ಇವು ಯಾವ ಗುಂಪಿನ ಸಂದೇಶವನ್ನೂ ಕಾಯುವುದಿಲ್ಲ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಪೇಟೆಯ ಧಾರಣೆ 8,000ದ ಆಸುಪಾಸಿಗೆ ಬಿದ್ದಿತ್ತು. ಎಲ್ಲರಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಮಾರಿದವರು ಅನೇಕರು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿ ದಾಟಿದಾಗ, ಅಟ್ಟ ಖಾಲಿಯಾಗಿದ್ದವರಿಗೆ ಆ ಸುದ್ದಿಯೂ ಅಷ್ಟೇ ಬೇಗ ತಲುಪಿತು.

ಕರಪತ್ರದಿಂದ ಕೈಫೋನಿಗೆ

ಸಂಘಟನೆಗಳ ವಿಷಯಕ್ಕೆ ಬರೋಣ. 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದಾಗ ಅದರ ಸಂಪರ್ಕ ಸಾಧನಗಳು ಕರಪತ್ರ, ಗೋಡೆ ಬರಹ, ಪೋಸ್ಟ್ ಕಾರ್ಡ್, ಜೀಪಿಗೆ ಕಟ್ಟಿದ ಮೈಕು ಮತ್ತು ಹೆಗಲ ಮೇಲಿನ ಹಸಿರು ಶಾಲು. ಒಂದು ಸಭೆ ಸೇರಿಸಬೇಕಾದರೆ ಊರೂರು ತಿರುಗಬೇಕಾಗಿತ್ತು. ತಿರುಗುವಾಗಲೇ ಕಾರ್ಯಕರ್ತ ತಯಾರಾಗುತ್ತಿದ್ದ. ಯಾರ ಮನೆಯಲ್ಲಿ ಕಷ್ಟ, ಯಾವ ಊರಿನಲ್ಲಿ ಜಗಳ ಎಂಬುದು ಅವನಿಗೆ ತಿಳಿಯುತ್ತಿತ್ತು.

ಅದೇ ಸಂಘ ಇಂಟರ್ನೆಟ್ಟಿನ ಬಲವನ್ನೂ ಬಹುಬೇಗ ಕಂಡುಕೊಂಡಿತು ಎಂಬುದು ಗಮನಾರ್ಹ. 1998ರ ನವೆಂಬರ್‌ನಲ್ಲಿ ಮಾನ್ಸಾಂಟೊ ಕಂಪನಿಯ ಬಿ.ಟಿ. ಹತ್ತಿಯ ಪ್ರಯೋಗದ ಬೆಳೆಯನ್ನು ಸುಡುವ ಕರೆ ಕೊಟ್ಟ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಪತ್ರ ಇ-ಮೇಲ್ ಮೂಲಕ ದೇಶವಿದೇಶಗಳ ಹೋರಾಟಗಾರರಿಗೆ ಹರಡಿತು. ಮರುವರ್ಷ, 1999ರಲ್ಲಿ, ನೂರಾರು ಭಾರತೀಯ ರೈತರು ಯೂರೋಪಿನ ದೇಶಗಳಲ್ಲಿ ಸಂಚರಿಸಿದ ಜಾಥಾಕ್ಕೂ ಇಂಥ ಸಂಪರ್ಕ ಜಾಲವೇ ನೆರವಾಗಿತ್ತು. ಫೇಸ್‌ಬುಕ್ ಹುಟ್ಟಿದ್ದು ಅದಾದ ಐದು ವರ್ಷಗಳ ನಂತರ, 2004ರಲ್ಲಿ.

2020ರ ಕೊನೆಯಲ್ಲಿ ದೆಹಲಿಯ ಗಡಿಗಳಲ್ಲಿ ರೈತರು ಕುಳಿತಾಗ ಈ ಮಾತು ಇನ್ನಷ್ಟು ಸ್ಪಷ್ಟವಾಯಿತು. ‘ಕಿಸಾನ್ ಏಕತಾ ಮೋರ್ಚಾ’ ಹೆಸರಿನಲ್ಲಿ ಅವರು ತಮ್ಮದೇ ಜಾಲತಾಣ ಪುಟಗಳನ್ನು ತೆರೆದರು. ಡಿಸೆಂಬರ್ 20ರಂದು ಅವರ ಫೇಸ್‌ಬುಕ್ ಪುಟ ಕೆಲವು ಗಂಟೆ ಕಾಣೆಯಾಗಿ, ಗದ್ದಲವಾದ ಮೇಲೆ ಮರಳಿತು. ಬಾಡಿಗೆ ಮನೆಯಲ್ಲಿ ಸಂಘದ ಕಚೇರಿ ಇಟ್ಟವರಿಗೆ ಇದರ ಪಾಠ ಸುಲಭವಾಗಿ ತಿಳಿಯುತ್ತದೆ: ಬೀಗದ ಕೈ ಇನ್ನೊಬ್ಬರ ಬಳಿ ಇದೆ. ಅದೇ ತಿಂಗಳು ಅದೇ ರೈತರು ‘ಟ್ರಾಲಿ ಟೈಮ್ಸ್’ ಎಂಬ ಕಾಗದದ ಪತ್ರಿಕೆಯನ್ನೂ ಹೊರತಂದರು. ಫೋನ್ ಕೈಯಲ್ಲಿದ್ದರೂ ಅಚ್ಚಿನ ಪತ್ರಿಕೆ ಬೇಕೆನಿಸಿದ್ದು ಯೋಚಿಸಬೇಕಾದ ಸಂಗತಿ.

ಈ ಸೀಮೆಯ ಅನುಭವವೂ ಭಿನ್ನವಲ್ಲ. 2024ರಲ್ಲಿ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆಯಲ್ಲಿ ನಾಫೆಡ್ ಖರೀದಿಗೆ ನೋಂದಣಿ ಆರಂಭವಾದಾಗ ಕೇಂದ್ರಗಳ ಮುಂದೆ ರೈತರು ಸರದಿ ನಿಂತರು. ಅಕ್ರಮದ ದೂರುಗಳ ಹಿನ್ನೆಲೆಯಲ್ಲಿ ಆ ನೋಂದಣಿ ರದ್ದಾಗಿ ಮಾರ್ಚ್‌ನಲ್ಲಿ ಮರು ನೋಂದಣಿ ನಡೆಯಿತು. ಇಂಥ ಹೊತ್ತಿನಲ್ಲಿ ಯಾವ ಕೇಂದ್ರ ತೆರೆದಿದೆ, ಯಾವ ದಾಖಲೆ ಬೇಕು ಎಂಬ ಸುದ್ದಿ ಫೋನಿನಲ್ಲಿ ಬೇಗ ಸಿಕ್ಕರೆ ಒಂದು ದಿನದ ಅಲೆದಾಟ ಉಳಿಯುತ್ತದೆ. ತಪ್ಪು ಸುದ್ದಿ ಸಿಕ್ಕರೆ ಸರದಿಯೇ ತಪ್ಪುತ್ತದೆ. ಫೋನ್ ಇಲ್ಲದ, ಇದ್ದರೂ ಓದಲು ಬಾರದ ಮುದುಕಿಗೆ ಮಾತ್ರ ಈಗಲೂ ನೆರೆಮನೆಯವರೇ ಆಧಾರ.

ಸಹಕಾರ ಸಂಘಗಳ ಕಾರ್ಯಕರ್ತರು ಇನ್ನೊಂದು ವಿಷಯ ಗಮನಿಸಬೇಕು. ಸಂಘದ ಸಭೆಗೆ ನಡಾವಳಿ ಪುಸ್ತಕ ಎಂಬುದೊಂದಿದೆ. ಅದರಲ್ಲಿ ವಿರೋಧಿಸಿದವರ ಮಾತೂ ದಾಖಲಾಗುತ್ತದೆ, ಸಹಿ ಬೀಳುತ್ತದೆ. ಗುಂಪಿನಲ್ಲಿ ಹೆಬ್ಬೆಟ್ಟಿನ ಚಿತ್ರಗಳು ಹತ್ತು ಬಂದರೆ ತೀರ್ಮಾನವಾಯಿತು ಎಂದುಕೊಳ್ಳುವ ರೂಢಿ ಬೆಳೆದರೆ, ಪ್ರಶ್ನೆ ಕೇಳಿದ ಸದಸ್ಯನನ್ನು ಅಡ್ಮಿನ್ ಹೊರಹಾಕಿದರೆ, ಅದನ್ನು ಸಭೆ ಎನ್ನಲಾಗದು. ಸಂಘದಿಂದ ಸದಸ್ಯನನ್ನು ತೆಗೆಯಲು ಕಾಯ್ದೆ ಇದೆ, ನೋಟಿಸ್ ಇದೆ. ಗುಂಪಿನಿಂದ ತೆಗೆಯಲು ಒಂದು ಬೆರಳು ಸಾಕು.

ಹಾರಿ ಬಂದ ಔಷಧ, ಹಾರಿ ಬಂದ ಸಾವು

1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆ ಮುಂದೆ ಕರ್ನಾಟಕದ ತೆಂಗಿಗೂ ಅಂಟಿ ಬೆಳೆಗಾರರನ್ನು ಕಂಗಾಲು ಮಾಡಿತು. ಆಗ ಪರಿಹಾರ ತಿಳಿಯಬೇಕಾದರೆ ತೋಟಗಾರಿಕೆ ಇಲಾಖೆ, ರೇಡಿಯೊ, ಪತ್ರಿಕೆ ಇವೇ ದಾರಿ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಪತ್ತೆಯಾದ ಸುರುಳಿ ಬಿಳಿನೊಣ ಬಂದದ್ದು ವಾಟ್ಸ್‌ಆ್ಯಪ್ ಕಾಲದಲ್ಲಿ. ಗರಿಯ ಫೋಟೊ ತೆಗೆದು ವಿಜ್ಞಾನಿಗೆ ಕಳಿಸಿ ಅಂದೇ ಉತ್ತರ ಪಡೆಯುವ ಅನುಕೂಲ ಈಗ ಇದೆ. ಆದರೆ ಅದೇ ಫೋನಿನಲ್ಲಿ ‘ಈ ವಿಷ ಹೊಡೆಯಿರಿ, ಒಂದೇ ವಾರದಲ್ಲಿ ಮಾಯ’ ಎಂಬ ಜಾಹೀರಾತೂ ಬರುತ್ತದೆ. ವಿಜ್ಞಾನಿಗಳು ಹೇಳುವುದು ಇದಕ್ಕೆ ತದ್ವಿರುದ್ಧ: ವಿಷ ಹೊಡೆದರೆ ಬಿಳಿನೊಣವನ್ನು ಹತೋಟಿಯಲ್ಲಿಡುವ ಎನ್ಕಾರ್ಸಿಯ ಎಂಬ ಮಿತ್ರಕೀಟವೇ ಸಾಯುತ್ತದೆ; ಗರಿಯ ಮೇಲಿನ ಕಪ್ಪು ಬೂಸ್ಟಿಗೆ ತೆಳು ಗಂಜಿಯ ಸಿಂಪಡಣೆ ಸಾಕು. ಗಂಜಿಯನ್ನು ಮಾರುವ ಕಂಪನಿ ಇಲ್ಲ. ಆದ್ದರಿಂದ ಅದಕ್ಕೆ ಜಾಹೀರಾತೂ ಇಲ್ಲ.

ಒಳ್ಳೆಯ ಉದಾಹರಣೆಗಳೂ ಉಂಟು. 2021ರಲ್ಲಿ ಬಾಳೆಯ ಬೆಲೆ ಕುಸಿದಾಗ ಪುತ್ತೂರಿನ ‘ಅಡಿಕೆ ಪತ್ರಿಕೆ’ಯ ಸಂಪಾದಕ ಶ್ರೀಪಡ್ರೆ ಅವರು ವಾಟ್ಸ್‌ಆ್ಯಪ್ ಗುಂಪಿನ ಮೂಲಕ ಬಾಳೆಕಾಯಿ ಹುಡಿಯ ಆಂದೋಲನಕ್ಕೆ ಚಾಲನೆ ಕೊಟ್ಟರು. ‘ಬಾಕಾಹು’ ಎಂಬ ಹೆಸರಿನಲ್ಲಿ ಅದು ತುಮಕೂರು ಜಿಲ್ಲೆಯೂ ಸೇರಿದಂತೆ ಹಲವೆಡೆ ಅಡುಗೆಮನೆಗಳನ್ನು ತಲುಪಿತು. 1988ರಿಂದ ರೈತರ ಕೈಗೇ ಲೇಖನಿ ಕೊಟ್ಟು ಬಂದ ಪತ್ರಿಕೆಯ ಶಿಸ್ತು ಆ ಗುಂಪಿನ ಹಿಂದೆ ಇದ್ದದ್ದೇ ಅದರ ಗುಟ್ಟು.

ಶಿಸ್ತು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ರಾಜ್ಯವೇ ಸಾಕ್ಷಿ. 2012ರ ಆಗಸ್ಟ್‌ನಲ್ಲಿ ಕೇವಲ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಇಬ್ಬರು ಅಮಾಯಕರು ಜನರ ಹೊಡೆತಕ್ಕೆ ಬಲಿಯಾದರು. ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ರವಾನಿಸದಂತೆ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಕೈ ಬದಲಾಯಿಸಿದ ಸಂದೇಶಕ್ಕೆ ಆ ಮಿತಿ ಒಂದಕ್ಕೆ ಇಳಿಯಿತು. ಮಿತಿ ವೇಗ ತಗ್ಗಿಸಬಲ್ಲದು. ಸುಳ್ಳನ್ನು ನಿಜ ಮಾಡಲಾರದು.

ಅಡಿಯಲ್ಲಿದ್ದ ಒಂದು ಸಾಲು

ಹಳೆಯ ಕರಪತ್ರವೊಂದನ್ನು ಕೈಗೆತ್ತಿಕೊಂಡರೆ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಣಾಲಯದ ಹೆಸರು, ಊರು ಕಾಣುತ್ತದೆ. ಅದು ಮುದ್ರಕನ ಜಾಹೀರಾತಲ್ಲ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆ ಅಚ್ಚಾದ ಪ್ರತಿ ಕಾಗದದ ಮೇಲೆ ಆ ಸಾಲು ಇರಬೇಕೆಂದು ಹೇಳಿತ್ತು. ಬ್ರಿಟಿಷರು ಅದನ್ನು ತಂದದ್ದು ಅಚ್ಚಿನ ಮೇಲೆ ಕಣ್ಣಿಡಲು. ಆದರೂ ಅದರಿಂದ ಓದುಗನಿಗೆ ಒಂದು ಉಪಕಾರವಾಯಿತು: ಈ ಮಾತು ಯಾರದು, ತಪ್ಪಾದರೆ ಯಾರನ್ನು ಕೇಳಬೇಕು ಎಂಬುದು ತಿಳಿಯುತ್ತಿತ್ತು. ಚುನಾವಣೆಯ ಕರಪತ್ರಕ್ಕೆ ಮುದ್ರಕ, ಪ್ರಕಾಶಕರ ಹೆಸರು ಇಂದಿಗೂ ಕಡ್ಡಾಯ.

ಫಾರ್ವರ್ಡ್ ಆಗಿ ಬಂದ ಸಂದೇಶದಲ್ಲಿ ಕಾಣೆಯಾದದ್ದು ಈ ಸಾಲು. ಅದನ್ನು ಕಳಿಸಿದವನು ಬರೆದವನಲ್ಲ. ಬರೆದವನು ಯಾರೆಂದು ಕಳಿಸಿದವನಿಗೂ ತಿಳಿಯದು. ಹಾಗಿದ್ದರೂ ಅದನ್ನು ನಂಬುವುದು ಏಕೆ? ಕಳಿಸಿದವನು ಪರಿಚಿತನಾದ್ದರಿಂದ. ಸೋದರಮಾವ ಕಳಿಸಿದ, ಸಂಘದ ಕಾರ್ಯದರ್ಶಿ ಕಳಿಸಿದ ಎಂಬ ವಿಶ್ವಾಸವೇ ಸುದ್ದಿಯ ಮೇಲಿನ ವಿಶ್ವಾಸವಾಗಿಬಿಡುತ್ತದೆ. ಸದಸ್ಯನೊಬ್ಬ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಕಾನೂನಿನ ಹೊಣೆ ಇಲ್ಲದಿರಬಹುದು. ನೆರೆಹೊರೆಯ ಹೊಣೆ ತಪ್ಪುವುದಿಲ್ಲ.

ಪತ್ರಿಕೆಗಳೂ ಇಲ್ಲಿ ಕನ್ನಡಿ ನೋಡಿಕೊಳ್ಳಬೇಕು. ಒಂದು ಕಾಲಕ್ಕೆ ತಾಲ್ಲೂಕು ವರದಿಗಾರ ಸ್ಥಳಕ್ಕೆ ಹೋಗಿ, ಸುದ್ದಿ ಬರೆದು, ಕವರಿನಲ್ಲಿಟ್ಟು ಸಂಜೆಯ ಬಸ್ಸಿಗೆ ಕೊಡುತ್ತಿದ್ದ. ಈಗ ಇಲಾಖೆಗಳ ಪ್ರಕಟಣೆ, ಮುಖಂಡರ ಹೇಳಿಕೆ, ಪ್ರತಿಭಟನೆಯ ಫೋಟೊ ಎಲ್ಲವೂ ಗುಂಪಿಗೇ ಬರುತ್ತವೆ. ಹೋಗದೆಯೂ ಬರೆಯಬಹುದು. ಹಾಗೆ ಬರೆದಾಗ ನಾಲ್ಕು ಪತ್ರಿಕೆಗಳಲ್ಲಿ ಒಂದೇ ವಾಕ್ಯ, ಒಂದೇ ತಪ್ಪು ಅಚ್ಚಾಗುತ್ತದೆ. ಸುದ್ದಿಯ ವೇಗದಲ್ಲಿ ಪತ್ರಿಕೆ ಫೋನನ್ನು ಗೆಲ್ಲಲಾರದು. ಗೆಲ್ಲಬಹುದಾದದ್ದು ವಿಚಾರಿಸಿ ಹೇಳುವುದರಲ್ಲಿ, ಹೇಳಿದ್ದಕ್ಕೆ ಹೆಸರು ಹಾಕುವುದರಲ್ಲಿ.

ಹಾಗಾದರೆ ಮಾಡಬೇಕಾದದ್ದೇನು? ಗುಂಪು ಬಿಡಬೇಕಾಗಿಲ್ಲ. ಧಾರಣೆ ಹಾಕುವವರು ದಿನಾಂಕ ಹಾಕಲಿ, ಮೂರೂ ಅಂಕಿಗಳನ್ನು ಹಾಕಲಿ, ಎಲ್ಲಿಂದ ತಂದದ್ದೆಂದು ಒಂದು ಸಾಲು ಬರೆಯಲಿ. ಔಷಧದ ಮಾತು ಬಂದರೆ ಹೇಳಿದ ವಿಜ್ಞಾನಿಯ ಅಥವಾ ಸಂಸ್ಥೆಯ ಹೆಸರು ಕೇಳಲಿ. ಸಂಘದ ತೀರ್ಮಾನ ಗುಂಪಿಗೆ ಹೋಗುವ ಮುಂಚೆ ನಡಾವಳಿ ಪುಸ್ತಕಕ್ಕೆ ಹೋಗಲಿ. ‘ನಾಫೆಡ್ ದಾಸ್ತಾನು ಬಿಡುತ್ತದಂತೆ, ಬೆಲೆ ಬೀಳುತ್ತದಂತೆ’ ಎಂಬ ಸಂದೇಶ ಬಂದಾಗ, ಆ ‘ಅಂತೆ’ಯನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಮಾರುಕಟ್ಟೆ ಸಮಿತಿಗೆ ಒಂದು ಫೋನ್ ಮಾಡಲಿ. ಆ ಒಂದು ‘ಅಂತೆ’ಗೆ ಹೆದರಿ ಅಟ್ಟ ಖಾಲಿ ಮಾಡುವ ಮನೆಯ ಒಂದು ವರ್ಷದ ದುಡಿಮೆ ಅಲ್ಲಿದೆ.

ಕೊಬ್ಬರಿ ಕೊಳ್ಳುವಾತ ಉಂಡೆಯನ್ನು ಕೈಯಲ್ಲಿ ತೂಗಿ, ಬಣ್ಣ ನೋಡಿ, ಒಡೆದು ನೋಡಿ ಬೆಲೆ ಹೇಳುತ್ತಾನೆ. ಹೊರಗೆ ಚೆಂದವಿದ್ದು ಒಳಗೆ ಬೂಸ್ಟು ಹಿಡಿದದ್ದನ್ನು ಈ ಸೀಮೆಯ ಮಕ್ಕಳೂ ಗುರುತಿಸುತ್ತಾರೆ. ಸುದ್ದಿಗೂ ಅಷ್ಟೇ ಪರೀಕ್ಷೆ ಸಾಕು.